ತಂಬೂರಿ ಕೇಳಿದವರಿಗೆ ಜಾಜ್ ಕಷ್ಟವಲ್ಲ

ಮದುವೆ ಛತ್ರದಲ್ಲಿ ಸ್ಯಾಕ್ಸೊಫೋನ್ ಊದುವವನಿಗೆ ಸಿನಿಮಾ ಹಾಡಿನ ಚೀಟಿ ಕಳಿಸಿ, ಒಂದೇ ಉಸಿರಿಗೆ ಎಷ್ಟು ಹೊತ್ತು ಎಳೆದ ಎಂದು ಗಡಿಯಾರ ನೋಡಿ ಚಪ್ಪಾಳೆ ತಟ್ಟುವವರು ಈ ಪುಟ ಮಗುಚಬಹುದು. ನಾನು ಹೇಳುತ್ತಿರುವುದು, ‘ಜಾಜ್ ನಮ್ಮಂಥವರಿಗಲ್ಲ ಬಿಡಿ’ ಎನ್ನುವ ಚಿಂತಾಮಣಿ, ಶಿಡ್ಲಘಟ್ಟದ ಗೆಳೆಯರಿಗೆ. ಗುರುಪೂರ್ಣಿಮೆಗೆ ಕೈವಾರದಲ್ಲಿ ರಾತ್ರಿಯಿಡೀ ತಾತಯ್ಯನ ತತ್ವಪದ ಕೇಳಿದ ಕಿವಿಗೆ ಅರ್ಧ ಪಾಠ ಆಗಿಹೋಗಿದೆ.

ಹಾಡನ್ನು ಬಿಡಿ, ತಂಬೂರಿ ಹಿಡಿಯಿರಿ. ಭಜನೆಯವರ ತಂಡ ಬದಲಾದರೂ, ತೆಲುಗು ಪದ ಮುಗಿದು ಕನ್ನಡದ್ದು ಶುರುವಾದರೂ ಶ್ರುತಿ ಕೂತಲ್ಲೇ ಕೂತಿರುತ್ತದೆ. ಎಷ್ಟೋ ಜಾಜ್‌ನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ಒಂದರ ಹಿಂದೊಂದು ಓಡುತ್ತವೆ, ಕೇಳುವವನೂ ಓಡಬೇಕು. ಅಧ್ಯಾತ್ಮದ ಕಡೆ ತಿರುಗಿದ ಜಾಜ್ ಆ ಓಟ ನಿಲ್ಲಿಸಿತು. ಆಲಿಸ್ ಕೋಲ್ಟ್ರೇನ್ 1971ರ ‘ಜರ್ನಿ ಇನ್ ಸಚ್ಚಿದಾನಂದ’ದಲ್ಲಿ ತಂಬೂರಿಯನ್ನೇ ಕೂರಿಸಿದರು. ಸೆಸಿಲ್ ಮೆಕ್‌ಬೀ ಬಾಸ್‌ನಲ್ಲಿ ಒಂದೇ ಪಲುಕನ್ನು ಬಿಡದೆ ಸುತ್ತಿಸುತ್ತಾನೆ. ಫರೋ ಸ್ಯಾಂಡರ್ಸ್‌ನ ಸ್ಯಾಕ್ಸೊಫೋನ್ ಆ ನೆಲದ ಮೇಲೆ ಏಳುತ್ತದೆ, ಅಲ್ಲಿಗೇ ಇಳಿಯುತ್ತದೆ. ಮೊದಲ ಸಲ ಕೇಳುವಾಗ ಆಲಿಸ್ ನುಡಿಸುವ ಹಾರ್ಪ್ ಕಡೆ ಕಿವಿ ಕೊಡಲೇಬೇಡಿ. ಅದು ಚಂದ, ಮೋಸವನ್ನೂ ಮಾಡುತ್ತದೆ.

ನನ್ನ ಕಿವಿ ತೆರೆದದ್ದು ಮಾತ್ರ ಬೆಂಗಳೂರಿನವರಿಂದ. ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅಮೆರಿಕದ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ತಂದ ‘ಜ್ಯೋತಿ’. ಮರಿಯಾನೊ ಜಾಜ್ ದಿಗ್ಗಜ ಮಿಂಗಸ್‌ನ ತಂಡದಲ್ಲಿ ಊದಿದ್ದ ಮನುಷ್ಯ, ನಾಗಸ್ವರ ಕಲಿತವನು; ಇಲ್ಲಿ ಆರ್.ಎ. ರಮಾಮಣಿಯವರ ಸ್ವರಕ್ಕೆ ತಾಳ್ಮೆಯಿಂದ ಕಾಯುತ್ತಾನೆ. ಗೆಳೆಯನೊಬ್ಬ ಆ ಕ್ಯಾಸೆಟ್ ಹಾಕಿದಾಗ ನಾನು ಕೇಳಿದ್ದು, ‘ಇದು ಯಾವ ಊರಿನ ಭಜನೆ?’ ಅವನು ನಕ್ಕ. ನನಗೆ ಈಗಲೂ ಅದೇ ಸರಿಯಾದ ಪ್ರಶ್ನೆ ಅನ್ನಿಸುತ್ತದೆ. ಫ್ಯೂಷನ್ ಹೆಸರಿನಲ್ಲಿ ಡ್ರಮ್ಮು ಮೃದಂಗಗಳಿಗೆ ಜಟಾಪಟಿ ಹಚ್ಚಿ ಕೇಕೆ ಗಿಟ್ಟಿಸುವವರು ಇದನ್ನೊಮ್ಮೆ ಕೇಳಬೇಕು.

ಜಾನ್ ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಮ್’ ಎಲ್ಲರೂ ಹೇಳಿಯೇ ಹೇಳುತ್ತಾರೆ, ನಾನು ಹೇಳಬೇಕಿಲ್ಲ.

ಈಗಿನವರಲ್ಲಿ ಕಮಾಸಿ ವಾಷಿಂಗ್‌ಟನ್‌ನ ‘ದಿ ಎಪಿಕ್’ಗೆ (2015) ಜನ ಮುಗಿಬಿದ್ದರು. ಗಾಯಕವೃಂದ, ತಂತಿವಾದ್ಯ ಎಲ್ಲ ಇದೆ, ನನಗೆ ಅಬ್ಬರ ಹೆಚ್ಚಾಯಿತು. ಎಲೆಕ್ಟ್ರಾನಿಕ್ ಸಂಗೀತಗಾರ ಫ್ಲೋಟಿಂಗ್ ಪಾಯಿಂಟ್ಸ್ ಜೊತೆ ಮುದಿ ಫರೋ ಸ್ಯಾಂಡರ್ಸ್ ಊದಿದ ‘ಪ್ರಾಮಿಸಸ್’ (2021) ಬೇರೆ ಮಾತು: ಒಂದು ಸಣ್ಣ ಪಲುಕು ತಂಬೂರಿಯ ಕೆಲಸ ಮಾಡುತ್ತದೆ, ಮುದುಕ ಅವಸರವಿಲ್ಲದೆ ಬರುತ್ತಾನೆ. ಕದ್ರಿ ಗೋಪಾಲನಾಥರೂ ರುದ್ರೇಶ್ ಮಹಾಂತಪ್ಪನೂ ಕೂಡಿದ ‘ಕಿನ್ಸ್‌ಮೆನ್’ (2008) ಕೇಳಿ, ಆದರೆ ಕೊನೆಗೆ. ಅದರ ವೇಗ ನಿಮ್ಮನ್ನು ಮತ್ತೆ ಗಡಿಯಾರ ನೋಡುವವರ ಸಾಲಿಗೆ ಸೇರಿಸೀತು.