ವಿಡಿಯೋ ಗೇಮಿನ ಕಥನದಲ್ಲಿ ಕ್ರೌರ್ಯದ ಔಚಿತ್ಯ

ಯುದ್ಧ, ಮರಣ ಮೊದಲಾದುವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದ ಮೂಲಕ ಸೂಚಿಸಬೇಕೆಂದು ಭರತನ ನಾಟ್ಯಶಾಸ್ತ್ರ ವಿಧಿಸುತ್ತದೆ. ‘ಊರುಭಂಗ’ದ ಕರ್ತೃ ಈ ವಿಧಿಯನ್ನು ಮೀರಿ ದುರ್ಯೋಧನನ ಸಾವನ್ನು ರಂಗದ ಮೇಲೆಯೇ ತಂದನು, ಅದರಿಂದ ನಾಟಕ ಕೆಡಲಿಲ್ಲ, ಬೆಳೆಯಿತು. ಆದುದರಿಂದ ಕ್ರೌರ್ಯವನ್ನು ತೋರಿಸಬಹುದೇ ಎಂಬುದಕ್ಕಿಂತ, ತೋರಿಸಿದ್ದರಿಂದ ಕಥೆಗೆ ಒದಗಿದುದೇನು ಎಂಬುದೇ ವಿಮರ್ಶಕನಿಗೆ ಮುಖ್ಯವಾದ ಪ್ರಶ್ನೆ. ವಿಡಿಯೋ ಗೇಮುಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ನಾಟಕದಲ್ಲಿ ಸಹೃದಯನು ನೋಡುತ್ತಾನೆ. ಇಲ್ಲಿ ಅವನು ಮಾಡುತ್ತಾನೆ. ಗುಂಡಿಯನ್ನೊತ್ತುವ ಬೆರಳು ಅವನದೇ.

2009ರಲ್ಲಿ ಹೊರಬಂದ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಎಂಬ ಆಟದ ‘ನೋ ರಷ್ಯನ್’ ಅಧ್ಯಾಯವನ್ನು ನೋಡಬಹುದು. ಅಮೆರಿಕದ ಗೂಢಚಾರನೊಬ್ಬನು ರಷ್ಯದ ಭಯೋತ್ಪಾದಕ ಮಕರೋವನ ತಂಡವನ್ನು ಸೇರಿ, ಮಾಸ್ಕೋದ ವಿಮಾನನಿಲ್ದಾಣದಲ್ಲಿ ನಿರಾಯುಧ ಪ್ರಯಾಣಿಕರ ಹತ್ಯೆ ನಡೆಯುವಾಗ ಅವರೊಡನಿರುತ್ತಾನೆ. ಆ ಗೂಢಚಾರನೇ ಆಟಗಾರ. ಕೊನೆಯಲ್ಲಿ ಮಕರೋವನು ಅವನನ್ನೂ ಕೊಂದು ಶವವನ್ನು ಅಲ್ಲಿಯೇ ಬಿಡುತ್ತಾನೆ. ಹೊಣೆ ಅಮೆರಿಕದ ಮೇಲೆ ಬಿದ್ದು ಯುದ್ಧ ಹೊತ್ತಿಕೊಳ್ಳುತ್ತದೆ. ಕಥಾಸಂವಿಧಾನದಲ್ಲಿ ಈ ಘಟನೆಗೆ ಸ್ಥಾನವಿದೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಘಟನೆಗೆ ಸ್ಥಾನವಿರುವುದು ಬೇರೆ, ಆಟಗಾರನ ಕೈಗೆ ಬಂದೂಕು ಕೊಡಲು ಕಾರಣವಿರುವುದು ಬೇರೆ. ಅವನು ಪ್ರಯಾಣಿಕರ ಮೇಲೆ ಒಂದು ಗುಂಡನ್ನೂ ಹಾರಿಸದೆ ನಡೆದರೂ, ಸಿಕ್ಕವರನ್ನೆಲ್ಲ ಕೊಂದರೂ ಬರುವ ಯುದ್ಧ ಒಂದೇ. ಅಧ್ಯಾಯವನ್ನು ಬಿಟ್ಟು ಮುಂದೆ ಹೋಗಲು ಆಟವೇ ಅನುಮತಿ ನೀಡುತ್ತದೆ. ರಷ್ಯದ ಆವೃತ್ತಿಯಲ್ಲಂತೂ ಅದನ್ನು ತೆಗೆದೇ ಹಾಕಲಾಯಿತು. ಹತ್ಯೆಯ ಸುದ್ದಿ ಕಥೆಯಲ್ಲಿ ಮುಂದುವರಿಯುತ್ತದೆ. ಆ ಬೆರಳು ಒತ್ತಿತೋ ಇಲ್ಲವೋ ಎಂಬುದು ಮಾತ್ರ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ಜಪಾನ್, ಜರ್ಮನಿಗಳ ಆವೃತ್ತಿಗಳಲ್ಲಿ ಪ್ರಯಾಣಿಕರನ್ನು ಕೊಂದರೆ ಆಟ ಅಲ್ಲಿಗೇ ಮುಗಿಯುತ್ತದೆ. ವಿಚಿತ್ರವೆಂದರೆ, ಈ ತಿದ್ದುಪಡಿಯೇ ಮೂಲಕ್ಕಿಂತ ಹೆಚ್ಚು ಅರ್ಥವತ್ತಾಗಿದೆ: ಅಲ್ಲಿ ಆಟಗಾರನ ಕೃತ್ಯಕ್ಕೆ ಫಲವೊಂದಾದರೂ ಉಂಟು.

ಬರ್ಲಿನ್ನಿನ ಯಾಗರ್ ಸಂಸ್ಥೆ ರಚಿಸಿ 2012ರಲ್ಲಿ ಪ್ರಕಟವಾದ ‘ಸ್ಪೆಕ್ ಆಪ್ಸ್: ದಿ ಲೈನ್’ ಇದಕ್ಕೆ ತೀರ ಭಿನ್ನವಾದುದು. ಮರಳಿನಲ್ಲಿ ಹೂತ ದುಬೈ ನಗರಕ್ಕೆ ಬಂದ ಕ್ಯಾಪ್ಟನ್ ವಾಕರ್ ಎದುರುಪಡೆಯ ಮೇಲೆ ಮೈಗಂಟಿ ಉರಿಯುವ ಬಿಳಿ ರಂಜಕವನ್ನು ಸುರಿಸುತ್ತಾನೆ. ಆಟಗಾರನು ಗುರಿಯಿಡುವುದು ಒಂದು ಪರದೆಯನ್ನು ನೋಡಿ. ಮನುಷ್ಯರು ಅಲ್ಲಿ ಬರಿಯ ಬಿಳಿಯ ಚುಕ್ಕೆಗಳು. ಪರದೆಯ ಗಾಜಿನಲ್ಲಿ ವಾಕರನ ಮುಖ ಮಸುಕಾಗಿ ಕಾಣುತ್ತಿರುತ್ತದೆ. ಬಳಿಕ ಆ ಸುಟ್ಟ ನೆಲದ ಮೇಲೆ ಆಟಗಾರನೇ ನಡೆದು ಹೋಗಬೇಕು. ಚುಕ್ಕೆಗಳಲ್ಲಿ ಹಲವು ನಾಗರಿಕರು. ತಾಯಿಯೊಬ್ಬಳು ಮಗುವನ್ನು ಅಪ್ಪಿಕೊಂಡೇ ಕರಕಾಗಿದ್ದಾಳೆ. ಮುಂದಿನ ಕಥೆ ಈ ದೃಶ್ಯದಿಂದ ಬಿಡಿಸಿಕೊಳ್ಳುವುದೇ ಇಲ್ಲ. ವಾಕರನು ಹೊಣೆಯನ್ನು ಕಾನ್ರಾಡ್ ಎಂಬ ಸೇನಾಧಿಕಾರಿಯ ಮೇಲೆ ಹೊರಿಸುತ್ತಾನೆ, ಅವನ ದನಿಯನ್ನೂ ಕೇಳುತ್ತಾನೆ. ಕಾನ್ರಾಡ್ ಹಿಂದೆಯೇ ಸತ್ತಿದ್ದನೆಂಬುದು ಕೊನೆಯಲ್ಲಿ ತಿಳಿಯುತ್ತದೆ. ದೃಶ್ಯವನ್ನು ಕಿತ್ತರೆ ಕಥೆಯೇ ಇಲ್ಲ.

ಬೇರೆ ದಾರಿಯನ್ನೇ ಕೊಡದೆ ಮಾಡಿಸಿ, ಆಮೇಲೆ ಆಟಗಾರನನ್ನು ದೂಷಿಸುವುದು ಅನ್ಯಾಯವೆಂಬ ಆಕ್ಷೇಪವುಂಟು. ಅದು ಸಾರವಿಲ್ಲದ ಆಕ್ಷೇಪವಲ್ಲ. ಉತ್ತರಾರ್ಧದಲ್ಲಿ ಆಟಗಾರನನ್ನು ನೇರವಾಗಿ ಚುಚ್ಚುವ ಬರಹಗಳು ಪರದೆಯ ಮೇಲೆ ಬರುವುದು ನಮಗೂ ಅತಿಯೆನಿಸುತ್ತದೆ. ಆದರೆ ಬೇರೆ ದಾರಿಯಿರಲಿಲ್ಲವೆಂಬುದು ವಾಕರನದೇ ಸಮರ್ಥನೆ. ಆಟಗಾರನು ಅದನ್ನೇ ಹೇಳತೊಡಗಿದಾಗ, ಪಾತ್ರದ ಆತ್ಮವಂಚನೆ ಅವನ ಬಾಯಿಂದಲೇ ಹೊರಡುತ್ತದೆ. ನಾಟಕ ನೋಡುವವನಿಗೆ ಈ ಅನುಭವ ಒದಗಲಾರದು. ಇನ್ನು ತಾಯಿ-ಮಗುವಿನ ಶವವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ತೋರಿಸಬೇಕಿತ್ತೇ ಎಂಬುದು ಬೇರೆ ಮಾತು. ಪರದೆಯ ಮೇಲಿನ ಚುಕ್ಕೆಗಳೇ ಅರ್ಧ ಕೆಲಸವನ್ನು ಮಾಡಿ ಮುಗಿಸಿದ್ದುವು.