ನಮ್ಮ ಊರಿನಲ್ಲಿ ಔದಾರ್ಯ ಇದೆ

ಯುಗಾದಿಗೆ ಊರಿಗೆ ಹೋದಾಗ ನಾಲ್ಕನೇ ಕ್ಲಾಸಿನ ಅಕ್ಕನ ಮಗನ ಕನ್ನಡ ನೋಟ್‌ಬುಕ್ ಕೈಗೆ ಸಿಕ್ಕಿತು. ‘ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ’ ಅಂತ ಹೋಮ್‌ವರ್ಕು. ಹುಡುಗ ಬರೆದಿದ್ದ: ‘ನಮ್ಮ ಊರಿನಲ್ಲಿ ಔದಾರ್ಯ ಇದೆ. ನಮ್ಮ ಊರಿನಲ್ಲಿ ವೈಭವ ಇದೆ. ನಮ್ಮ ಊರಿನಲ್ಲಿ ಆಕ್ರೋಶ ಇದೆ.’ ಮೂರಕ್ಕೂ ಕೆಂಪು ಇಂಕಿನ ರೈಟ್ ಮಾರ್ಕು. ನಕ್ಕೆ. ಆಮೇಲೆ ನಗು ನಿಂತಿತು. ಯಾಕಂದ್ರೆ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಟೆಸ್ಟ್ ಕೇಸ್ ಪಾಸಾಗಲಿ ಅಂತಷ್ಟೇ ಬರೆದ ಕೋಡಿನ ಹಾಗೆ. ನಾವೂ ಆಫೀಸಿನಲ್ಲಿ ಮಾಡೋದು ಅದನ್ನೇ, ಬಿಡಿ.

ನನ್ನ ತಕರಾರು ಮೇಷ್ಟ್ರ ಮೇಲಲ್ಲ, ಪಾಠದ ಕೊನೆಗೆ ಬರೋ ‘ಪದಗಳ ಅರ್ಥ’ ಅನ್ನೋ ಪಟ್ಟಿಯ ಮೇಲೆ. ಎಡಗಡೆ ಒಂದು ಪದ, ನಡುವೆ ಗೀಟು, ಬಲಗಡೆ ಇನ್ನೊಂದು. ಜಲ – ನೀರು. ಶಿರ – ತಲೆ. ಅಗ್ನಿ – ಬೆಂಕಿ. ಎರಡೂ ಒಂದೇ ಅಂತ ಮಗು ನಂಬುತ್ತೆ. ಒಂದೇ ಆಗಿದ್ದರೆ ‘ಒಂದು ಲೋಟ ಜಲ ಕೊಡಮ್ಮ’ ಅನ್ನಬಹುದಿತ್ತು, ಶಿರನೋವಿಗೆ ಮಾತ್ರೆ ನುಂಗಬಹುದಿತ್ತು. ಜಲಾಶಯ ಇದೆ, ನೀರಾಶಯ ಇಲ್ಲ. ಅಗ್ನಿಶಾಮಕ ಇದೆ, ಅಗ್ನಿಪೊಟ್ಟಣ ಯಾವ ಅಂಗಡಿಯಲ್ಲೂ ಸಿಗಲ್ಲ. ಒಂದು ಪದ ಯಾರ ಜೊತೆ ಓಡಾಡುತ್ತೆ, ಯಾರ ಮನೆಗೆ ಕಾಲಿಡಲ್ಲ ಅನ್ನೋದೇ ಅದರ ಅರ್ಥದ ಮುಕ್ಕಾಲು ಪಾಲು. ಗೀಟು ಎಳೆದ ಕೂಡಲೇ ಅದೆಲ್ಲ ಉದುರಿಹೋಗುತ್ತೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ತೆರೆದು ನೋಡಿ. ಅರ್ಥ ಕೊಟ್ಟು ಸುಮ್ಮನಾಗಲ್ಲ, ಆ ಪದವನ್ನು ಯಾವ ಕೃತಿಯಲ್ಲಿ ಹೇಗೆ ಬಳಸಿದ್ದಾರೆ ಅಂತ ಪ್ರಯೋಗ ತೋರಿಸುತ್ತೆ. ವಿದ್ವಾಂಸರಿಗೇ ಪ್ರಯೋಗ ಬೇಕು, ಒಂಬತ್ತು ವರ್ಷದ ಹುಡುಗನಿಗೆ ಬೇಡವೇ?

ತಮಾಷೆ ಏನಂದ್ರೆ, ಇದೇ ವ್ಯವಸ್ಥೆ ಒಂದನೇ ಕ್ಲಾಸಿನಲ್ಲಿ ಇದಕ್ಕಿಂತ ಎಷ್ಟೋ ಜಾಣತನ ತೋರಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಗು ಅ ಆ ಇ ಈ ಅಂತ ಹೊರಡೋದಿಲ್ಲ. ರ, ಗ, ಸ, ದ, ಅ ಅಂತ ಹೊರಡುತ್ತೆ. ಐದೇ ಅಕ್ಷರ. ಅಷ್ಟರಲ್ಲೇ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಆಯ್ತು. ಗೋಡೆ ಚಾರ್ಟಿನ ಋಷಿಯನ್ನು ನಮ್ಮೂರಲ್ಲಿ ಕಂಡವರಿಲ್ಲ; ಗರಗಸವನ್ನು ಮಗು ನೋಡಿದೆ, ಅದರ ಸದ್ದು ಕೇಳಿದೆ. ನಾಲ್ಕನೇ ಕ್ಲಾಸಿಗೆ ಬರೋ ಹೊತ್ತಿಗೆ ಈ ಬುದ್ಧಿ ಎಲ್ಲಿ ಹೋಯ್ತು?

ಪಟ್ಟಿಗೆ ಒಂದು ಗುಣ ಇದೆ, ಒಪ್ಪಬೇಕು. ಮನೆಯಲ್ಲಿ ಓದಿದವರು ಯಾರೂ ಇಲ್ಲದ ಮಗು ಕೂಡ ಒಂದೇ ಕೂತು ಉರು ಹೊಡೀಬಹುದು. ನಾನು ಹಾಗೇ ಪಾಸಾದವನು. ಅದರ ಫಲ ಬಿಇ ಮೊದಲ ವರ್ಷ ಗೊತ್ತಾಯ್ತು: ವೇಗೋತ್ಕರ್ಷ – ಆಕ್ಸಿಲರೇಶನ್ ಅನ್ನೋ ಜೋಡಿ ಬಾಯಿಗೆ ಬರ್ತಿತ್ತು, ಎರಡರಲ್ಲಿ ಒಂದೂ ಅರ್ಥವಾಗಿರಲಿಲ್ಲ. ಬೆಂಗಳೂರಿನ ಇಂಗ್ಲಿಷ್ ಶಾಲೆಗಳೇನೂ ಮೇಲಲ್ಲ. ಸಹೋದ್ಯೋಗಿಯ ಮಗಳಿಗೆ ಸೋಮವಾರ ಹತ್ತು ಪದ ಕೊಡ್ತಾರೆ, ಶುಕ್ರವಾರ ಟೆಸ್ಟು, ಶನಿವಾರ ಎಲ್ಲ ಖಾಲಿ. ಅಕ್ಕನಿಗೂ ಈಗ ಮಗನನ್ನು ಬರೋ ಜೂನಿಗೆ ಪೇಟೆಯ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕೋ ಆಸೆ. ಬೇಡ ಅನ್ನೋಕೆ ನನಗೆ ಬಾಯಿಲ್ಲ. ಸಂಬಳ ಇಂಗ್ಲಿಷಿನಿಂದಲೇ ಬರ್ತಿರೋದು. ಆದರೆ ಈಗಿನ ಪಟ್ಟಿಯಲ್ಲಿ ಬಲಗಡೆಯಾದರೂ ಅವನ ಮನೆಯ ಪದ ಇದೆ. ಅಲ್ಲಿ ಎಡ ಬಲ ಎರಡೂ ಅಪರಿಚಿತ.

ಅವನ ಮನೆಯ ಪದ ಎಡಗಡೆಗೆ ಬಂದದ್ದನ್ನು ಮಾತ್ರ ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ. ಸಂಜೆ ಹೊಲದ ಕಡೆ ಹೋದೆವು. ಹಿಂದಿನ ದಿನ ಮಳೆ ಬಿದ್ದಿತ್ತು. ಸುಮ್ಮನೆ ಕೇಳಿದೆ: ‘ಹದ ಅಂದ್ರೇನೋ?’

‘ಅದು ನಮ್ ಪಾಠದಲ್ಲಿಲ್ಲ ಮಾವ’ ಅಂದ. ಆಮೇಲೆ ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಮುಷ್ಟಿ ಬಿಗಿಮಾಡಿದ. ‘ಹಿಡಿದ್ರೆ ಉಂಡೆ ಆಗ್ಬೇಕು, ಬಿಟ್ರೆ ಪುಡಿ ಆಗ್ಬೇಕು. ಅಂಗಿದ್ರೆ ಹದ.’

‘ಈಗ ಇದೆಯಾ?’

ಬೆರಳಿಗೆ ಮೆತ್ತಿದ ಮಣ್ಣನ್ನು ಚಡ್ಡಿಗೆ ಒರೆಸಿಕೊಂಡ. ‘ಇಲ್ಲ. ಇನ್ನೊಂದಿನ ಬಿಡ್ಬೇಕು.’