ಪೆನ್ನೆಯ ಗಂಡಿಯಲ್ಲಿ ಕೃಷ್ಣೆಯ ನೀರು

ಬೆಂಗಳೂರಿನ ಟ್ರೆಕ್ಕಿಂಗ್ ಕಂಪನಿಗಳು ಪುಸ್ತಕ ಬರೆಯಲ್ಲ, ಸಿನಿಮಾ ಮಾಡಲ್ಲ. ಆದರೂ ಪ್ರತಿ ವಾರಾಂತ್ಯ ಬಸ್ಸುಗಟ್ಟಲೆ ಜನಕ್ಕೆ ಒಂದೊಂದು ಊರಿನ ಕಥೆ ಹೇಳಿ ಕಳಿಸ್ತವೆ. ಸಿನಿಮಾ ನೋಡಿ ಬಂದು ವಿಮರ್ಶೆ ಬರೀತೀವಲ್ಲ, ಹಾಗೇ ಈ ಟ್ರಿಪ್‌ಗಳ ಬಗ್ಗೆನೂ ಯಾರಾದರೂ ಬರೀಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿತ್ತು. ಈ ಸಲ ಗಂಡಿಕೋಟ. ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ವಾಪಸ್. ಒಂದು ರಾತ್ರಿ ಟೆಂಟು, ಕಮರಿಯ ಅಂಚಿನಲ್ಲಿ ಸೂರ್ಯೋದಯ, ಬಂಡೆ ಹತ್ತಿ ಇಳಿಯೋ ಟ್ರೆಕ್, ಆಮೇಲೆ ಒಂದು ಗಂಟೆ ಕಯಾಕ್. ಕಂಪನಿ ಹೆಸರು ಬೇಡ ಬಿಡಿ. ಹತ್ತಾರು ಕಂಪನಿ ಇದೇ ಟ್ರಿಪ್ಪನ್ನ ಹೆಚ್ಚೂಕಮ್ಮಿ ಇದೇ ಮಾತಲ್ಲಿ ಮಾರ್ತವೆ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಕಡಪಾ ಜಿಲ್ಲೆಯ ಆ ಒಣ ನೆಲದಲ್ಲಿ ನಡೆದು ಹೋಗ್ತಾ ಇದ್ದ ಹಾಗೆ ನೆಲ ಒಂದೇ ಸಲಕ್ಕೆ ಮುಗಿದುಹೋಗುತ್ತೆ. ಕೆಳಗೆ ಹಸಿರು ನೀರು, ಎರಡೂ ಕಡೆ ಚಪ್ಪಡಿ ಮೇಲೆ ಚಪ್ಪಡಿ ಜೋಡಿಸಿಟ್ಟಂಥ ಕೆಂಪು ಬಂಡೆ. ನೂರು ಕೋಟಿ ವರ್ಷಕ್ಕೂ ಹಳೆಯ ಕಲ್ಲದು, ಭೂವಿಜ್ಞಾನಿಗಳು ಆ ಕಲ್ಲಿನ ಪದರಕ್ಕೇ ಗಂಡಿಕೋಟ ಕ್ವಾರ್ಟ್‌ಜೈಟ್ ಅಂತ ಹೆಸರಿಟ್ಟಿದ್ದಾರೆ. ಮೇಲಿಂದ ನೋಡೋದೇ ಬೇರೆ, ಕಯಾಕ್‌ನಲ್ಲಿ ಕೂತು ಕೆಳಗಿಂದ ನೋಡೋದೇ ಬೇರೆ. ಹುಟ್ಟು ಹಾಕೋದು ನಿಲ್ಲಿಸಿದರೆ ಸಾಕು, ಮಾತು ಗೋಡೆಗೆ ಬಡಿದು ವಾಪಸ್ ಬರುತ್ತೆ. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ನೀರಿಗೆ ಬಿಡಲಿಲ್ಲ. ಊಟವೂ ಚೆನ್ನಾಗಿತ್ತು, ಖಾರ ಸ್ವಲ್ಪ ಜಾಸ್ತಿ ಅಷ್ಟೇ.

ತಕರಾರು ಇರೋದು ಕಥೆಯ ಮೇಲೆ. ಟ್ರಿಪ್ ಲೀಡರ್ ಬಾಯಲ್ಲಿ ಎರಡು ದಿನದಲ್ಲಿ ಅತಿ ಹೆಚ್ಚು ಸಲ ಬಂದ ಮಾತು ‘ಭಾರತದ ಗ್ರ್ಯಾಂಡ್ ಕ್ಯಾನ್ಯನ್’. ಅಮೆರಿಕದ ಆ ಕಮರಿ 446 ಕಿಲೋಮೀಟರ್ ಉದ್ದ, ಆಳ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ್ದು. ಅದರ ಪಕ್ಕ ಇಟ್ಟರೆ ಗಂಡಿಕೋಟದ್ದು ಒಂದು ಗೀರು. ಹೋಲಿಸಿ ಯಾಕೆ ಸೋಲಬೇಕು? ಊರಿನ ಹೆಸರಲ್ಲೇ ಎಲ್ಲಾ ಇದೆ. ಗಂಡಿ ಅಂದರೆ ತೆಲುಗಲ್ಲಿ ಕಮರಿ. ಕನ್ನಡದಲ್ಲೂ ಆ ಪದ ಇದೆ, ಕೆರೆ ಏರಿ ಒಡೆದ್ರೆ ಗಂಡಿ ಬಿತ್ತು ಅಂತೀವಲ್ಲ, ಅದೇ ಗಂಡಿ. ಎರ್ರಮಲ ಬೆಟ್ಟದ ಸಾಲಿಗೆ ಪೆನ್ನಾ ನದಿ ಹಾಕಿದ ಗಂಡಿ, ಅದರ ಮೇಲೊಂದು ಕೋಟೆ.

ಕೋಟೆಯ ಕಥೆನೂ ಹೀಗೇ ಅವಸರದ್ದು. 1123ರಲ್ಲಿ ಕಲ್ಯಾಣದ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಸಾಮಂತ ಕಾಕರಾಜ ಕಟ್ಟಿಸಿದ ಅಂತ ಲೀಡರ್ ಹೇಳಿದ. ಎಲ್ಲಾ ಕಡೆ ಓಡಾಡೋ ವಾಕ್ಯ ಅದು. ಆದರೆ ಆಹವಮಲ್ಲ 1068ರಲ್ಲೇ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟವನು. 1123ರಲ್ಲಿ ಆಳ್ತಾ ಇದ್ದದ್ದು ಅವನ ಮಗ ಆರನೇ ವಿಕ್ರಮಾದಿತ್ಯ. ಒಂದೋ ಇಸವಿ ತಪ್ಪು, ಇಲ್ಲಾ ರಾಜ ತಪ್ಪು. ಹೋಗಲಿ, ಇದು ಸಣ್ಣದು.

ದೊಡ್ಡದು ನೀರಿನದು. ‘ಈ ನದಿ ಲಕ್ಷಾಂತರ ವರ್ಷ ಹರಿದು ಈ ಕಣಿವೆ ಕೊರೀತು, ಈಗ ಅದೇ ನದಿ ಮೇಲೆ ನಾವು ತೇಲ್ತಾ ಇದೀವಿ’ ಅಂದ ಲೀಡರ್. ಎಲ್ಲರೂ ಹೋ ಅಂದ್ರು. ವಾಕ್ಯದ ಮೊದಲರ್ಧ ಸರಿ. ಎರಡನೇ ಅರ್ಧ ಕೇಳಿ ನನಗೆ ಸುಮ್ಮನಿರಕ್ಕೆ ಆಗಲಿಲ್ಲ. ದಡದಲ್ಲಿ ಜಾಕೆಟ್ ಬಿಚ್ಚಿಸಿಕೊಳ್ತಿದ್ದ ಸ್ಥಳೀಯರೊಬ್ಬರನ್ನ ನನ್ನ ಹರುಕುಮುರುಕು ತೆಲುಗಲ್ಲಿ ಕೇಳಿದೆ: “ಈ ನೀಳ್ಳು ಎಕ್ಕಡಿನಿಂಚಿ ವಸ್ತಾಯಿ ಅನ್ನಾ?” ಅವರು ತಲೆ ಎತ್ತದೇ ಹೇಳಿದ್ರು: “ಶ್ರೀಶೈಲಂ ನೀಳ್ಳು ಸಾರ್.”

ಸರಿಯಾಗೇ ಹೇಳಿದ್ರು. ನಾವು ತೇಲ್ತಾ ಇದ್ದದ್ದು ಮೈಲವರಂ ಅಣೆಕಟ್ಟಿನ ಹಿನ್ನೀರು. ಕಮರಿಯ ಮೇಲ್ಗಡೆ ಇನ್ನೊಂದು ಅಣೆಕಟ್ಟಿದೆ, ಗಂಡಿಕೋಟ ಜಲಾಶಯ, ಸುಮಾರು 27 ಟಿಎಂಸಿ ಹಿಡಿಯುವಂಥದ್ದು, ಅಂದರೆ ನಮ್ಮ ಕನ್ನಂಬಾಡಿಯ ಅರ್ಧಕ್ಕಿಂತ ಜಾಸ್ತಿ. ಅಷ್ಟನ್ನ ತುಂಬಿಸೋ ಶಕ್ತಿ ಈಗ ಪೆನ್ನೆಗೆ ಇಲ್ಲ. ಗಾಲೇರು–ನಗರಿ ಯೋಜನೆಯಲ್ಲಿ ಕೃಷ್ಣಾ ನೀರನ್ನ ಶ್ರೀಶೈಲದಿಂದ ಕಾಲುವೆ, ಸುರಂಗ ಎಲ್ಲಾ ದಾಟಿಸಿ ತಂದು ಅಲ್ಲಿ ತುಂಬ್ತಾರೆ. ಅಲ್ಲಿಂದ ಕೆಳಕ್ಕೆ ಬಿಟ್ಟರೆ ಕಮರಿಗೂ ನೀರು. ಮಹಾಬಲೇಶ್ವರದಲ್ಲಿ ಹುಟ್ಟಿ, ಆಲಮಟ್ಟಿ, ನಾರಾಯಣಪುರ ದಾಟಿ ಬಂದ ಕೃಷ್ಣೆ ಪೆನ್ನೆಯ ಗಂಡಿಯಲ್ಲಿ ನಿಂತಿದ್ದಾಳೆ. ಆ ಜಲಾಶಯಕ್ಕೆ ಕೊಂಡಾಪುರಂ ಮಂಡಲದ ಹಳ್ಳಿಗಳು ಮುಳುಗಿವೆ. 2020ರಲ್ಲಿ ನೀರಿನ ಮಟ್ಟ ಏರಿಸಿದಾಗ ತಾಳ್ಳಪ್ರೊದ್ದುಟೂರಿನ ಜನ ಪರಿಹಾರಕ್ಕೆ ಧರಣಿ ಕೂತಿದ್ರು. ಇದೊಂದೂ ಟ್ರಿಪ್ಪಿನ ಕಥೆಯಲ್ಲಿ ಇಲ್ಲ.

ಹಾಗಾದ್ರೆ ಪೆನ್ನೆ ಎಲ್ಲಿ ಹೋದಳು? ಇದು ನನಗೆ ಬರೀ ಮಾಹಿತಿಯ ಪ್ರಶ್ನೆ ಅಲ್ಲ. ಪೆನ್ನಾ ಅಂದರೆ ನಮ್ಮ ಉತ್ತರ ಪಿನಾಕಿನಿ. ನಂದಿ ಬೆಟ್ಟದ ಸಾಲಿನ ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ಆಂಧ್ರ ಹೊಕ್ಕು, ನಡುವೆ ನಮ್ಮ ಪಾವಗಡದ ನಾಗಲಮಡಿಕೆಗೂ ಬಂದು ಹೋಗೋ ನದಿ. ನಾನು ಬೆಳೆದದ್ದು ಊರ್ಡಿಗೆರೆಯಲ್ಲಿ, ದೇವರಾಯನದುರ್ಗದ ಮಗ್ಗುಲಲ್ಲಿ. ಆ ಬೆಟ್ಟದಲ್ಲಿ ಎರಡು ನದಿ ಹುಟ್ತವೆ. ಶಿಂಷಾ ತೆಂಕಲಿಗೆ ಇಳಿದು ಗುಬ್ಬಿ, ಕುಣಿಗಲ್ ಸೀಮೆ ಹಾದು, ಮಾರ್ಕೋನಹಳ್ಳಿ ಕಟ್ಟೆ ದಾಟಿ ಕಾವೇರಿ ಸೇರುತ್ತೆ. ಜಯಮಂಗಲಿ ಬಡಗಲಿಗೆ ಇಳಿದು ಕೊರಟಗೆರೆ, ಮಧುಗಿರಿ ಕಡೆಯಿಂದ ಹೋಗಿ ಪರಿಗಿ ಹತ್ತಿರ ಇದೇ ಪೆನ್ನೆ ಸೇರುತ್ತೆ. ಅಂದರೆ ಗಂಡಿಕೋಟದ ಬಂಡೆ ತೇಯೋದರಲ್ಲಿ ನಮ್ಮ ಬೆಟ್ಟದ ಮಳೆಗೂ ಪಾಲಿದೆ. ಬಸ್ಸಲ್ಲಿದ್ದವರಿಗೆ ಹೇಳಿದ್ರೆ ಜಂಭ ಅಂದುಕೊಳ್ತಿದ್ರೇನೋ.

ಆದರೆ ಜಯಮಂಗಲಿ ನಮ್ಮ ಕಡೆ ಮಕ್ಕಳಿಗೆ ಗೊತ್ತಿರೋದು ನದಿ ಅಂತಲ್ಲ, ಮರಳು ಅಂತ. ಮಳೆ ಜೋರಾದ ವರ್ಷ ಒಂದಷ್ಟು ದಿನ ಹರಿಯುತ್ತೆ, ಜನ ಸೇತುವೆ ಮೇಲೆ ನಿಂತು ನೋಡಕ್ಕೆ ಹೋಗ್ತಾರೆ. ಮಿಕ್ಕ ವರ್ಷ ಲಾರಿ, ಟ್ರ್ಯಾಕ್ಟರ್ ಸದ್ದು. ಮರಳು ಹೋದಮೇಲೆ ನೀರು ಇಂಗಕ್ಕೆ ಜಾಗ ಇಲ್ಲ, ಬೋರ್‌ವೆಲ್ ಸಾವಿರ ಅಡಿ ಇಳಿದರೂ ಧೂಳು. ಹಳ್ಳಕ್ಕೊಂದು ಒಡ್ಡು, ತೋಟಕ್ಕೊಂದು ಬೋರು. ತಪ್ಪು ಯಾರೊಬ್ಬರದ್ದೂ ಅಂತ ಬೆಟ್ಟು ಮಾಡಕ್ಕೆ ಆಗಲ್ಲ, ಅಡಿಕೆಗೆ ನೀರು ಬೇಕಲ್ಲ. 1892ರ ಮೈಸೂರು–ಮದ್ರಾಸು ಒಪ್ಪಂದದ ಪಟ್ಟಿಯಲ್ಲಿ 15 ಮುಖ್ಯ ನದಿಗಳಿದ್ದವು. ಕಾವೇರಿ, ತುಂಗಭದ್ರೆಯ ಜೊತೆ ಉತ್ತರ ಪಿನಾಕಿನಿಯೂ ಇತ್ತು. ಮದ್ರಾಸಿನವರ ಒಪ್ಪಿಗೆ ಇಲ್ಲದೆ ಮೈಸೂರು ಅದಕ್ಕೆ ಹೊಸ ಕಟ್ಟೆ ಕಟ್ಟೋ ಹಾಗಿರಲಿಲ್ಲ. ಎರಡು ಸರ್ಕಾರ ಕೂತು ಹಂಚಿಕೆ ಮಾತಾಡುವಷ್ಟು ನೀರಿದ್ದ ನದಿ ಅದು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ‘ಅಪ್‌ಸ್ಟ್ರೀಮ್’ ಅಂತ ಒಂದು ಮಾತಿದೆ. ನಮ್ಮ ಕೋಡು ಯಾವ ಮೂಲದಿಂದ ಬಂತೋ ಅದು ಅಪ್‌ಸ್ಟ್ರೀಮ್. ಕೆಳಗೆ ಏನಾದರೂ ಕೆಟ್ಟರೆ ಮೊದಲು ಅಲ್ಲಿ ಹೋಗಿ ನೋಡ್ತೀವಿ. ಬಸ್ಸಲ್ಲಿದ್ದವರಲ್ಲಿ ಮುಕ್ಕಾಲು ಪಾಲು ನನ್ನ ಥರದವರೇ, ದಿನಕ್ಕೆ ಹತ್ತು ಸಲ ಆ ಪದ ಆಡೋರು. ನಿಜವಾದ ನದಿಯ ಮೇಲೆ ಕೂತಾಗ ಒಬ್ಬರಿಗೂ ಅದು ನೆನಪಾಗದ ಹಾಗೆ ಟ್ರಿಪ್ ಕಟ್ಟಿದ್ದಾರೆ. ಬಸ್ಸು ಚಿಕ್ಕಬಳ್ಳಾಪುರದ ಮೇಲೆ, ನಂದಿಯ ಮಗ್ಗುಲಲ್ಲೇ ಹೋಗುತ್ತೆ. ಬಾಗೇಪಲ್ಲಿ ಹತ್ತಿರ ಪೆನ್ನೆಯ ಉಪನದಿ ಚಿತ್ರಾವತಿಯನ್ನ ದಾಟುತ್ತೆ. ಆ ಹೊತ್ತಿಗೆ ಲೈಟ್ ಆರಿಸಿ ಎಲ್ಲರನ್ನೂ ಮಲಗಿಸಿರ್ತಾರೆ.

ಅಮೆರಿಕದ ಹೆಸರು ಬೇಕೇ ಬೇಕು ಅಂದರೆ ಪೂರ್ತಿ ತಗೊಳ್ಳಲಿ. ಕೊಲರಾಡೋ ನದಿಯ ಆ ಕಮರಿಯಲ್ಲೂ ಇವತ್ತು ದೋಣಿ ಹಾಕೋರು ತೇಲೋದು ಅಣೆಕಟ್ಟು ಬಿಟ್ಟ ನೀರಿನಲ್ಲೇ. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಬಾಗಿಲು ಹಾಕಿದ ಮೇಲೆ, ಕೆಸರಿನಿಂದ ಕೆಂಪಗಿದ್ದ ನದಿ ತಣ್ಣಗಿನ ಹಸಿರು ನೀರಾಯ್ತು. ಕೆಳಗೆ ಹೂವರ್ ಅಣೆಕಟ್ಟಿನ ಬುಡದಿಂದಲೇ ಗೈಡ್ ಜೊತೆ ಕಯಾಕ್ ಟ್ರಿಪ್ ಹೊರಡ್ತವೆ, ಅಲ್ಲಿ ಅಣೆಕಟ್ಟನ್ನ ಬಚ್ಚಿಡೋ ಪ್ರಶ್ನೆಯೇ ಇಲ್ಲ, ತಲೆ ಎತ್ತಿದ್ರೆ ಅದೇ ಕಾಣುತ್ತೆ. 1869ರಲ್ಲಿ ನಾಲ್ಕು ದೋಣಿ, ಹತ್ತು ಜನರ ತಂಡ ಕಟ್ಟಿಕೊಂಡು ಹೊರಟು ಗ್ರ್ಯಾಂಡ್ ಕ್ಯಾನ್ಯನ್ ದಾಟಿದ ಜಾನ್ ವೆಸ್ಲಿ ಪೊವೆಲ್, ಯುದ್ಧದಲ್ಲಿ ಒಂದು ಕೈ ಕಳೆದುಕೊಂಡವನು, ಬರೀ ಸಾಹಸದ ಕಥೆ ಹೇಳಿ ಸುಮ್ಮನಾಗಲಿಲ್ಲ. 1878ರಲ್ಲಿ ಒಣ ಸೀಮೆಯ ನೆಲದ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟ: ಇಲ್ಲಿ ನೀರು ಕಮ್ಮಿ, ಚೌಕಾಕಾರಕ್ಕೆ ಗೆರೆ ಎಳೆದು ಜಮೀನು ಹಂಚಬೇಡಿ, ನೀರು ಹರಿಯೋ ದಾರಿ ನೋಡಿ ಹಂಚಿ ಅನ್ನೋದು ಅದರ ತಿರುಳು. ಆಗ ಅದಕ್ಕೆ ಕಿವಿಗೊಟ್ಟವರು ಕಮ್ಮಿ. ಲೀಡರ್ ಪೊವೆಲ್ ಹೆಸರೆತ್ತಿದ್ದ, ದೋಣಿಯಲ್ಲಿ ಹೋದ ಅನ್ನೋವರೆಗೆ ಮಾತ್ರ.

ಹೋಗೋರಿಗೆ ಒಂದು ಮಾತು. ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ, ಬೇಸಿಗೆಯಲ್ಲಿ ಆ ಬಂಡೆ ಮೇಲೆ ಕಾಲಿಡಕ್ಕೆ ಆಗಲ್ಲ. ದುಡ್ಡು ಕಟ್ಟೋ ಮುಂಚೆ ಮೈಲವರಂನಲ್ಲಿ ಆ ವಾರ ನೀರೆಷ್ಟಿದೆ ಅಂತ ಕೇಳಿ, ಗೊತ್ತಿಲ್ಲ ಅಂದರೆ ಬೇರೆ ಕಂಪನಿ ನೋಡಿ. ದಡದಲ್ಲಿ ಜಾಕೆಟ್ ಕಟ್ಟೋ ಅಣ್ಣಂದಿರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ. ತೆಲುಗು ಬರದಿದ್ರೂ ಪರವಾಗಿಲ್ಲ, ಅವರಿಗೆ ಅಷ್ಟಿಷ್ಟು ಕನ್ನಡ ಬರುತ್ತೆ.